ಹಿಟ್ಟಿನ ಕೋಳಿಯ ಕೂಗು

ಧಾರವಾಡದ ಆಡುನುಡಿಯಲ್ಲಿ ಪ್ರಾಣಿಗಳ ದನಿಗೆ ಬಳಕೆಯಾಗುವ ಕ್ರಿಯಾಪದಗಳನ್ನು ಒಂದೆಡೆ ಕೂಡಿಸಿ ನೋಡಿದರೆ ಅವುಗಳೊಳಗೆ ಒಂದು ಶ್ರೇಣಿ ಇರುವುದು ಕಾಣುತ್ತದೆ. ಕುದುರೆ ಕೆನೆಯುತ್ತದೆ, ಆನೆ ಘೀಳಿಡುತ್ತದೆ, ಹೋರಿ ಗುಟುರು ಹಾಕುತ್ತದೆ, ನರಿ ಊಳಿಡುತ್ತದೆ, ನವಿಲು ಕೇಗುತ್ತದೆ, ಕಪ್ಪೆ ವಟಗುಟ್ಟುತ್ತದೆ. ಇವು ಆಯಾ ಪ್ರಾಣಿಗೆಂದೇ ಸಂದ ಪದಗಳು. ನಾಯಿ ಬೊಗಳುತ್ತದೆ, ಅದೇ ಪದವನ್ನು ಮನುಷ್ಯನಿಗೆ ಹಚ್ಚಿದರೆ ಬೈಗುಳವಾಗುತ್ತದೆ. ಎಮ್ಮೆ, ಕತ್ತೆ ಒದರುತ್ತವೆ. ಸಿಟ್ಟಿನಲ್ಲಿ ದನಿಯೆತ್ತಿದವನನ್ನೂ ‘ಯಾಕ ಒದರತೀ’ ಎಂದೇ ಕೇಳುತ್ತಾರೆ. ಹಲ್ಲಿಯ ಸಂಗತಿ ಬೇರೆ. ಮನೆಯಲ್ಲಿ ಯಾರಾದರೂ ಮಾತಾಡುತ್ತಿರುವಾಗ ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿದರೆ ‘ಹಲ್ಲಿ ನುಡೀತು’ ಎನ್ನುತ್ತಾರೆ. ಆಡಿದ ಮಾತು ದಿಟವಾಗುವುದೆಂದು ನೆಲವನ್ನು ಬೆರಳಿನಿಂದ ಕುಟ್ಟುವವರೂ ಉಂಟು. ನಸುಕಿನಲ್ಲಿ ಮನೆಯ ಮುಂದೆ ನಿಲ್ಲುವ ಬುಡಬುಡಿಕೆಯವನ ಬಾಯಲ್ಲಿ ಹಾಲಕ್ಕಿಯೂ ನುಡಿಯುತ್ತದೆ. ನುಡಿ ಎಂಬುದು ಮನುಷ್ಯನ ಭಾಷೆಗೆ ಕನ್ನಡ ಕೊಟ್ಟ ಅತ್ಯಂತ ಗೌರವದ ಹೆಸರು. ಅದನ್ನು ಒಂದು ಹಲ್ಲಿಗೂ ಒಂದು ಹಕ್ಕಿಗೂ ಕೊಡಲು ಈ ನಾಡಿನ ಜನ ಹಿಂಜರಿಯಲಿಲ್ಲ.

ಈ ಶ್ರೇಣಿಯಲ್ಲಿ ಕೋಳಿಗೆ ಸಿಕ್ಕ ಪದ ‘ಕೂಗು’. ತಾಯಿ ಮಗುವನ್ನು ಕೂಗುತ್ತಾಳೆ, ದಾರಿ ತಪ್ಪಿದವನು ಕೂಗುತ್ತಾನೆ, ಸಂತೆಯಲ್ಲಿ ಮಾರುವವನು ಕೂಗುತ್ತಾನೆ, ನಸುಕಿನಲ್ಲಿ ಕೋಳಿ ಕೂಗುತ್ತದೆ. ಕೂಗು ಎಂದರೆ ಬರಿಯ ದನಿಯಲ್ಲ. ಯಾರನ್ನೋ ಕುರಿತು ಹೊರಟ ದನಿ. ಅದಕ್ಕೆ ಓಗೊಡುವವರು ಇರಬೇಕೆಂಬ ನಿರೀಕ್ಷೆ ಆ ಪದದೊಳಗೇ ಇದೆ. ಕನ್ನಡ ಸಾಹಿತ್ಯ ಕಂಡ ಕೋಳಿಗಳಲ್ಲೆಲ್ಲ ಹೆಸರಾದ ಕೋಳಿಗೆ ರಕ್ತಮಾಂಸವಿರಲಿಲ್ಲ. ಅದು ಹಿಟ್ಟಿನಿಂದ ಮಾಡಿದ ಕೋಳಿ. 1209ರಲ್ಲಿ ಜನ್ನ ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಅದು ಕತ್ತಿಯ ಏಟು ಬಿದ್ದ ಕ್ಷಣದಲ್ಲಿ ಕೂಗಿತು. ಇಲ್ಲದ ಪ್ರಾಣಿಯ ಆ ಕೂಗು ಯಾರದು, ಅದು ಯಾರನ್ನು ಕುರಿತು ಹೊರಟಿತು ಎಂಬ ಪ್ರಶ್ನೆಯನ್ನು ಬಿಡಿಸಬೇಕಾದರೆ, ಇರುವ ಪ್ರಾಣಿಗಳ ದನಿಯನ್ನು ನಮ್ಮ ಶಾಸ್ತ್ರಗಳು ಎಲ್ಲಿ ಇರಿಸಿದವೆಂಬುದನ್ನು ಮೊದಲು ನೋಡಬೇಕಾಗುತ್ತದೆ.

ಅಕ್ಷರದ ಉಚ್ಚಾರಣೆಯನ್ನು ಕಲಿಸುವ ಶಿಕ್ಷಾಗ್ರಂಥಗಳು ಅಕ್ಷರದ ಅಳತೆಗೋಲನ್ನು ಪ್ರಾಣಿಗಳ ಕೊರಳಿನಿಂದಲೇ ಪಡೆದಿವೆ. ‘ಪಾಣಿನೀಯ ಶಿಕ್ಷೆ’ಯ ಪ್ರಕಾರ ಚಾಷವೆಂಬ ಹಕ್ಕಿಯ ದನಿ ಒಂದು ಮಾತ್ರೆ, ಕಾಗೆಯದು ಎರಡು, ನವಿಲಿನದು ಮೂರು, ಮುಂಗುಸಿಯದು ಅರ್ಧ. ಹ್ರಸ್ವ, ದೀರ್ಘ, ಪ್ಲುತ, ವ್ಯಂಜನ ಎಂಬ ನಾಲ್ಕು ಅಳತೆಗಳೂ ಹೀಗೆ ನಾಲ್ಕು ಪ್ರಾಣಿಗಳ ಪಾಲಾದವು. ಚಾಷವೆಂದರೆ ಇಂದು ಕರ್ನಾಟಕದ ರಾಜ್ಯಪಕ್ಷಿಯಾಗಿರುವ ನೀಲಕಂಠ. ಛಂದಸ್ಸನ್ನು ಕಲಿಯುವ ವಿದ್ಯಾರ್ಥಿ ಲಘುವಿಗೆ ಒಂದು, ಗುರುವಿಗೆ ಎರಡು ಎಂದು ಎಣಿಸುವಾಗ, ತನಗೆ ತಿಳಿಯದೆಯೇ ನೀಲಕಂಠವನ್ನೂ ಕಾಗೆಯನ್ನೂ ಎಣಿಸುತ್ತಿರುತ್ತಾನೆ. ಅಕ್ಷರವಿಲ್ಲದ ಜೀವಿಗಳು ಅಕ್ಷರಕ್ಕೆ ಮಾನವಾದುದು ಸಣ್ಣ ಸಂಗತಿಯಲ್ಲ.

ಸಂಗೀತಶಾಸ್ತ್ರದ ಕ್ರಮವೂ ಇದೇ. ‘ನಾರದೀಯ ಶಿಕ್ಷೆ’ ಷಡ್ಜವನ್ನು ನವಿಲಿಗೆ, ಋಷಭವನ್ನು ಗೋವಿಗೆ, ಗಾಂಧಾರವನ್ನು ಆಡುಕುರಿಗಳಿಗೆ, ಮಧ್ಯಮವನ್ನು ಕ್ರೌಂಚಕ್ಕೆ, ಪಂಚಮವನ್ನು ಕೋಗಿಲೆಗೆ, ಧೈವತವನ್ನು ಕುದುರೆಗೆ, ನಿಷಾದವನ್ನು ಆನೆಗೆ ಒಪ್ಪಿಸುತ್ತದೆ. ಶ್ವೇತಾಂಬರ ಆಗಮಗಳಾದ ‘ಸ್ಥಾನಾಂಗ’ ಮತ್ತು ‘ಅನುಯೋಗದ್ವಾರ’ಗಳಲ್ಲಿಯೂ ಇಂಥ ಪಟ್ಟಿ ಇದೆ. ಅಲ್ಲಿಯೂ ಷಡ್ಜ ನವಿಲಿನದು, ಪಂಚಮ ಕೋಗಿಲೆಯದು, ನಿಷಾದ ಆನೆಯದು. ಆದರೆ ಗಾಂಧಾರ ಹಂಸದ ಪಾಲಾಗಿದೆ, ಮಧ್ಯಮ ಕುರಿಯ ಪಾಲಾಗಿದೆ. ಋಷಭ ಸ್ವರವನ್ನು ಹೊರಡಿಸುವುದು ಗೋವಲ್ಲ, ಕೋಳಿ. ಹೆಸರಿನಲ್ಲಿಯೇ ಎತ್ತನ್ನು ಹೊತ್ತ ಸ್ವರವನ್ನು ಆಗಮಕಾರರು ಕೋಳಿಯ ಕೊರಳಲ್ಲಿ ಕೇಳಿಸಿಕೊಂಡರು. ಯಾವ ಪ್ರಾಣಿಗೆ ಯಾವ ಸ್ವರ ಎಂಬುದರಲ್ಲಿ ಪರಂಪರೆಗಳು ಬೇರೆಯಾದರೂ, ಸ್ವರ ಮನುಷ್ಯನಿಂದ ಮೊದಲಾಗಲಿಲ್ಲ ಎಂಬುದರಲ್ಲಿ ಅವಕ್ಕೆ ಭಿನ್ನಮತವಿಲ್ಲ.

ಹುಬ್ಬಳ್ಳಿ-ಧಾರವಾಡದ ಸೀಮೆಗೆ ಈ ಮಾತು ದೂರದ್ದಲ್ಲ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲ, ಬಸವರಾಜ ರಾಜಗುರು ಇವರ ಕೊರಳುಗಳಿಂದ ಹಿಂದುಸ್ತಾನಿ ಸಂಗೀತಕ್ಕೆ ಈ ನೆಲ ತವರಾಯಿತು. ಕುಂದಗೋಳದ ಸವಾಯಿ ಗಂಧರ್ವರ ಗುರು ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು. ಅವರು ತಮ್ಮ ಸಾಕುನಾಯಿಗೆ ಸ್ವರಗಳನ್ನು ಕಲಿಸಿದ್ದರೆಂಬ ಮಾತು ಸಂಗೀತಪ್ರಿಯರಲ್ಲಿ ಇಂದಿಗೂ ನಡೆದು ಬಂದಿದೆ. ಕೇಳಿದವರು ಅದನ್ನು ವಿನೋದದ ಕತೆಯೆಂದು ನಗಬಹುದು. ಪ್ರಾಣಿಯಿಂದ ಪಡೆದ ಸ್ವರವನ್ನು ಮರಳಿ ಪ್ರಾಣಿಗೇ ಒಪ್ಪಿಸಿದ ಸಾಲತೀರುವಳಿಯೆಂದು ಶಾಸ್ತ್ರ ಬಲ್ಲವರು ಅದನ್ನು ಓದಬಹುದು.

ಪ್ರಾಣಿಯ ದನಿ ಅಳತೆಗೋಲಾಯಿತು, ಸ್ವರವಾಯಿತು. ಆದರೆ ಅದು ಭಾಷೆಯೆ? ಈ ಪ್ರಶ್ನೆಗೆ ಜೈನ ದಾರ್ಶನಿಕರು ಕೊಟ್ಟ ಉತ್ತರ ಗಮನಾರ್ಹವಾದುದು. ನೈಯಾಯಿಕರು ಶಬ್ದವನ್ನು ಆಕಾಶದ ಗುಣವೆಂದರು. ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ ಅದನ್ನು ಪುದ್ಗಲದ ಪರ್ಯಾಯವೆಂದಿತು. ಅಂದರೆ ಶಬ್ದವು ದ್ರವ್ಯದ ಒಂದು ಅವಸ್ಥೆ, ತಾಕುವ, ತಡೆಗೆ ಸಿಲುಕುವ ವಸ್ತು. ಆ ಸೂತ್ರಕ್ಕೆ ‘ಸರ್ವಾರ್ಥಸಿದ್ಧಿ’ಯೆಂಬ ವ್ಯಾಖ್ಯಾನವನ್ನು ಬರೆದ ಪೂಜ್ಯಪಾದರು ಶಬ್ದವನ್ನು ಭಾಷಾರೂಪದ್ದು, ಭಾಷೆಯಲ್ಲದ್ದು ಎಂದು ಎರಡಾಗಿ ಸೀಳುತ್ತಾರೆ. ಗುಡುಗು ಮತ್ತು ವಾದ್ಯಗಳ ದನಿ ಭಾಷೆಯಲ್ಲದ ಗುಂಪಿಗೆ ಸೇರುತ್ತವೆ. ಭಾಷಾರೂಪದ ಶಬ್ದ ಮತ್ತೆ ಎರಡು ಬಗೆ: ಸಾಕ್ಷರ ಮತ್ತು ಅನಕ್ಷರ. ಶಾಸ್ತ್ರಗಳನ್ನು ತಿಳಿಸುವ, ಸಂಸ್ಕೃತವೇ ಮೊದಲಾದ ಭೇದಗಳುಳ್ಳ ಭಾಷೆ ಸಾಕ್ಷರ. ಎರಡು ಇಂದ್ರಿಯದ ಜೀವಿಗಳಿಂದ ಮೊದಲ್ಗೊಂಡು ಮೇಲಿನವುಗಳ ದನಿ ಅನಕ್ಷರ. ಗೆರೆ ಎಲ್ಲಿ ಬಿದ್ದಿದೆಯೆಂಬುದನ್ನು ನೋಡಬೇಕು. ಮನುಷ್ಯನನ್ನು ಒಂದು ಕಡೆಗೂ ಪ್ರಾಣಿ, ಗುಡುಗು, ನಗಾರಿಗಳನ್ನು ಇನ್ನೊಂದು ಕಡೆಗೂ ಅವರು ನಿಲ್ಲಿಸಲಿಲ್ಲ. ಪ್ರಾಣಿಯ ದನಿ ಗೆರೆಯ ಈಚೆಗೆ, ಮನುಷ್ಯನ ಮಾತಿನ ಪಕ್ಕದಲ್ಲಿದೆ. ಅದಕ್ಕೆ ಅಕ್ಷರವಿಲ್ಲ, ಆದರೆ ಅದು ಭಾಷೆ.

ಈ ವಿಚಾರಧಾರೆ ಕನ್ನಡ ವ್ಯಾಕರಣಕ್ಕೂ ಹರಿದು ಬಂದಿದೆ. ಹದಿಮೂರನೆಯ ಶತಮಾನದ ನಡುಭಾಗದಲ್ಲಿ ‘ಶಬ್ದಮಣಿದರ್ಪಣ’ವನ್ನು ಬರೆದ ಕೇಶಿರಾಜ ಶಬ್ದದ ಹುಟ್ಟನ್ನು ಹೇಳುವಾಗ ದೇಹವನ್ನು ವಾದ್ಯವೆಂದೂ ನಾಲಗೆಯನ್ನು ಬಾರಿಸುವ ಕೋಲೆಂದೂ ಆತ್ಮನನ್ನು ಬಾರಿಸುವವನೆಂದೂ ರೂಪಿಸುತ್ತಾನೆ, ಶಬ್ದವನ್ನು ದ್ರವ್ಯವೆಂದು ಕರೆದು ಅದಕ್ಕೆ ಬಿಳಿಯ ಬಣ್ಣವನ್ನೂ ಹೇಳುತ್ತಾನೆ. ಈ ಗ್ರಂಥವನ್ನು 1872ರಲ್ಲಿ ಮಂಗಳೂರಿನಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದವರು ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟೆಲ್. ಧಾರವಾಡದ ಒಂದು ಕಾಲೇಜು ಅವರ ಹೆಸರನ್ನು ಹೊತ್ತಿದೆ. 1894ರಲ್ಲಿ ಹೊರಬಂದ ಅವರ ನಿಘಂಟಿನಲ್ಲಿ ಹಕ್ಕಿ, ಪ್ರಾಣಿಗಳ ದನಿಯನ್ನು ಅನುಕರಿಸುವ ಪದಗಳು ಸಾಹಿತ್ಯದ ಪದಗಳೊಡನೆ ಒಂದೇ ಸಾಲಿನಲ್ಲಿ ನಿಂತಿವೆ. ಕೇಶಿರಾಜ ಜನ್ನನ ಸೋದರಳಿಯ. ಶಬ್ದವೆಂದರೆ ಏನು ಎಂಬುದನ್ನು ಅಳಿಯ ಶಾಸ್ತ್ರವಾಗಿ ಬರೆಯುವುದಕ್ಕೆ ಅರ್ಧ ಶತಮಾನ ಮೊದಲೇ ಮಾವ ಅದನ್ನು ಒಂದು ಹಿಟ್ಟಿನ ಕೋಳಿಯ ಮೂಲಕ ಪರೀಕ್ಷಿಸಿ ನೋಡಿದ್ದನು.

ಅನಕ್ಷರವೆಂಬ ಪದವನ್ನು ‘ಕೀಳಾದುದು’ ಎಂಬ ಅರ್ಥದಲ್ಲಿ ಹಿಡಿಯುವಂತಿಲ್ಲ. ದಿಗಂಬರ ಪರಂಪರೆಯಲ್ಲಿ ತೀರ್ಥಂಕರನ ದಿವ್ಯಧ್ವನಿಯನ್ನೂ ಅನಕ್ಷರಿಯೆಂದು ವರ್ಣಿಸುವುದುಂಟು. ತುಟಿ ಅಲುಗದೆ, ನಾಲಗೆ ಹೊರಳದೆ ಹೊರಡುವ ಆ ದನಿ 18 ಮಹಾಭಾಷೆಗಳಾಗಿ, 700 ಕಿರುಭಾಷೆಗಳಾಗಿ ಕೇಳುವವರ ಕಿವಿಯಲ್ಲಿ ಪರಿಣಮಿಸುತ್ತದೆ. ಸಮವಸರಣದ ಹನ್ನೆರಡು ಕೋಷ್ಠಗಳಲ್ಲಿ ಒಂದು ಪ್ರಾಣಿಗಳಿಗೆಂದೇ ಮೀಸಲು. ಅಲ್ಲಿ ಕುಳಿತ ಸಿಂಹಕ್ಕೂ ಜಿಂಕೆಗೂ ಅದು ತಮ್ಮ ತಮ್ಮ ಭಾಷೆಯಲ್ಲಿಯೇ ತಿಳಿಯುತ್ತದೆ. ಹೀಗೆ ಕೆಳಗಿನ ತುದಿಯಲ್ಲಿ ಎರಡಿಂದ್ರಿಯದ ಹುಳುವಿನ ದನಿ ಅನಕ್ಷರ, ಮೇಲಿನ ತುದಿಯಲ್ಲಿ ಅರ್ಹಂತನ ದನಿ ಅನಕ್ಷರ. ಅಕ್ಷರವನ್ನು ನೆಚ್ಚಿ ಬದುಕುವ ಮನುಷ್ಯ ಇವೆರಡರ ನಡುವೆ ನಿಂತಿದ್ದಾನೆ. ಮೇಲಿನ ದನಿಯನ್ನು ಕೇಳಲು ಅವನು ಪುಣ್ಯ ಮಾಡಿರಬೇಕು. ಕೆಳಗಿನ ದನಿಯನ್ನು ಕೇಳಲು ಏನು ಬೇಕೆಂಬುದನ್ನು ಕಾವ್ಯಗಳು ಹೇಳುತ್ತವೆ.

ಪುರಾಣಗಳಲ್ಲಿ ಪ್ರಾಣಿಯಿಲ್ಲದ ದನಿಗಳಿಗೆ ಕೊರತೆಯಿಲ್ಲ. ತೀರ್ಥಂಕರನು ಹುಟ್ಟಿದಾಗ ಕಲ್ಪವಾಸಿಗಳ ಲೋಕದಲ್ಲಿ ಗಂಟೆ, ಜ್ಯೋತಿಷ್ಕರ ಲೋಕದಲ್ಲಿ ಸಿಂಹನಾದ, ವ್ಯಂತರರಲ್ಲಿ ಭೇರಿ, ಭವನವಾಸಿಗಳಲ್ಲಿ ಶಂಖ ತಾವಾಗಿಯೇ ಮೊಳಗುತ್ತವೆ. ಅಲ್ಲಿ ಸಿಂಹವಿಲ್ಲ, ಗರ್ಜನೆಯಷ್ಟೇ ಇದೆ. ಇದಕ್ಕೆ ತಿರುವುಮುರುವಾಗಿ ದನಿಯಿಲ್ಲದ ಪ್ರಾಣಿಗಳನ್ನು ಲಕ್ಕುಂಡಿಯ ಗುಡಿಗಳಲ್ಲಿ ನೋಡಬಹುದು. ಬಾಯಿ ತೆರೆದ ಮಕರಗಳು ಸಾವಿರ ವರ್ಷದಿಂದ ತೋರಣಗಳಲ್ಲಿ ಹಾಗೆಯೇ ಇವೆ. ಕವಿಗಳ ಶರಭವಂತೂ ಗುಡುಗನ್ನು ಕೇಳಿ ಮೋಡದ ಮೇಲೆರಗಲು ನೆಗೆದು ತನ್ನ ಅಂಗಾಂಗಗಳನ್ನೇ ಮುರಿದುಕೊಳ್ಳುತ್ತದೆ. ಅದಕ್ಕೆ ಕಾವ್ಯದಲ್ಲಿ ಒಪ್ಪಿಸಿರುವ ಕೆಲಸ ತಪ್ಪಾಗಿ ಕೇಳಿಸಿಕೊಳ್ಳುವುದು. ಜನ್ನನ ಕೋಳಿ ಈ ಯಾವ ಸಾಲಿಗೂ ಸೇರದು. ಅದರ ಮೈಯೂ ಕೃತಕ, ದನಿಯೂ ಎರವಲು. ಆದರೂ ಅದರ ಕೂಗಿನಿಂದ ಹುಟ್ಟಿದ ದುಃಖ ನಿಜವಾದುದು.

ಕತೆಯನ್ನು ಬಲ್ಲವರಿಗೂ ಅದರ ಗತಿಯನ್ನು ಮತ್ತೊಮ್ಮೆ ಕಿವಿಯಿಂದ ಓದಿ ನೋಡುವುದು ಪ್ರಯೋಜನಕರ. ‘ಯಶೋಧರ ಚರಿತೆ’ಯ ನಾಲ್ಕು ಅವತಾರಗಳಲ್ಲಿ ಅದೃಷ್ಟ ತಿರುಗುವ ಗಳಿಗೆಗಳೆಲ್ಲ ಶಬ್ದದ ಗಳಿಗೆಗಳು. ಅಮೃತಮತಿ ಮನಸೋತುದು ಮಾವುತನ ರೂಪಕ್ಕಲ್ಲ. ಅವನನ್ನು ಕಾಣುವ ಮೊದಲೇ ಇರುಳಿನ ಕೊನೆಗೆ ತೇಲಿ ಬಂದ ಅವನ ಹಾಡಿಗೆ. ಅವನು ಅಷ್ಟಾವಂಕ, ಕುರೂಪಿ. ಕಣ್ಣು ನೋಡಿದ್ದರೆ ಹಿಂದೆಗೆಯಬಹುದಾಗಿದ್ದುದನ್ನು ಕಿವಿ ಒಪ್ಪಿಕೊಂಡಿತು. ಅದನ್ನು ಕಣ್ಣಾರೆ ಕಂಡ ಯಶೋಧರ ತಾಯಿಗೆ ನಿಜವನ್ನು ನುಡಿಯಲಾರದೆ ಕೆಟ್ಟ ಕನಸಿನ ನೆಪ ಹೇಳಿದನು. ತಾಯಿ ಚಂದ್ರಮತಿ ಶಾಂತಿಗಾಗಿ ಚಂಡಮಾರಿಗೆ ಬಲಿ ಕೊಡಬೇಕೆಂದಳು. ಮಗ ಜೀವವಧೆಗೆ ಒಪ್ಪಲಿಲ್ಲ. ಕೊನೆಗೆ ಇಬ್ಬರ ನಡುವೆ ಒಂದು ಸಂಧಾನವಾಯಿತು: ಹಿಟ್ಟಿನ ಕೋಳಿ. ತಾಯಿಯ ಮಾತೂ ನಡೆಯಿತು, ಮಗನ ವ್ರತವೂ ಉಳಿಯಿತು ಎಂದು ಇಬ್ಬರಿಗೂ ತೋರಿತು.

ಇಲ್ಲಿ ಜನ್ನನ ಕಲ್ಪನೆ ಕೆಲಸ ಮಾಡುತ್ತದೆ. ಆ ಕೋಳಿಯನ್ನು ಮಾಡಿದ ಕೈ ಎಷ್ಟು ಕುಶಲವಾಗಿತ್ತೆಂದರೆ, ಅದರ ಚೆಲುವಿಗೆ ಮರುಳಾದ ಬೆಂತರವೊಂದು ಬಂದು ಅದರೊಳಗೆ ಹೊಕ್ಕಿತು. ಅರಸ ಕತ್ತಿಯನ್ನು ಬೀಸಿದ. ಕೋಳಿ ಕೂಗಿತು. ಆ ಕೂಗಿನಲ್ಲಿ ಮೂರು ಸಂಗತಿಗಳು ಕೂಡಿವೆ. ಮೈ ಹಿಟ್ಟಿನದು, ಅದಕ್ಕೆ ನೋವಿಲ್ಲ. ದನಿ ಬೆಂತರದ್ದು, ಅದಕ್ಕೆ ಸಾವಿಲ್ಲ. ಕೊಲ್ಲುವ ಸಂಕಲ್ಪ ಮಾತ್ರ ಅರಸನದು. ಆ ಗಳಿಗೆಯಲ್ಲಿ ಅಲ್ಲಿ ನಿಜವಾಗಿ ಇದ್ದುದು ಅದೊಂದೇ. ಪ್ರಮತ್ತಯೋಗದಿಂದ ಪ್ರಾಣವನ್ನು ಬೇರ್ಪಡಿಸುವುದೇ ಹಿಂಸೆಯೆಂದು ‘ತತ್ತ್ವಾರ್ಥಸೂತ್ರ’ ಹೇಳುವಾಗ ಮೊದಲ ಒತ್ತು ಬೀಳುವುದು ಪ್ರಮತ್ತಯೋಗದ ಮೇಲೆ. ದ್ರವ್ಯಹಿಂಸೆ ನಡೆಯದಿದ್ದರೂ ಭಾವಹಿಂಸೆ ನಡೆಯುತ್ತದೆ ಎಂಬ ತತ್ತ್ವವನ್ನು ಆಚಾರ್ಯರು ತರ್ಕದಿಂದ ಸ್ಥಾಪಿಸಿದರು. ಜನ್ನ ಅದಕ್ಕೆ ಒಂದು ಕೊರಳನ್ನು ಕೊಟ್ಟನು. ಕೋಳಿ ಕೂಗದೆ ಹೋಗಿದ್ದರೆ ಅರಸ ನಿರಾಳವಾಗಿ ಅರಮನೆಗೆ ಮರಳುತ್ತಿದ್ದ. ಪಾಪ ಅಷ್ಟೇ ಇರುತ್ತಿತ್ತು, ಅದರ ಅರಿವು ಇರುತ್ತಿರಲಿಲ್ಲ.

ಆ ಮೇಲೆ ಬರುವ ಜನ್ಮಗಳ ಸಾಲನ್ನು ಸಾಮಾನ್ಯವಾಗಿ ಕರ್ಮಫಲದ ಪಟ್ಟಿಯೆಂದು ಓದುತ್ತಾರೆ. ಅಮೃತಮತಿಯಿಟ್ಟ ವಿಷಕ್ಕೆ ಬಲಿಯಾದ ಮಗ ಮತ್ತು ತಾಯಿ ನವಿಲು-ನಾಯಿಗಳಾಗಿ, ಮುಳ್ಳುಹಂದಿ-ಹಾವುಗಳಾಗಿ, ಮೀನು-ಮೊಸಳೆಗಳಾಗಿ, ಆಡು-ಕೋಣಗಳಾಗಿ ಹುಟ್ಟಿ ಸಾಯುತ್ತಾರೆ. ಇದನ್ನು ದನಿಗಳ ಪಟ್ಟಿಯೆಂದು ಓದಿದರೆ ಇನ್ನೊಂದು ಸಂಕಟ ಕಾಣುತ್ತದೆ. ನವಿಲಾಗಿ ಹುಟ್ಟಿದ ಯಶೋಧರ ತನ್ನ ಅರಮನೆಯಲ್ಲಿಯೇ ಬೆಳೆಯುತ್ತಾನೆ. ಅಮೃತಮತಿ ಮಾವುತನೊಡನೆ ಇರುವುದನ್ನು ಕಂಡು ಹಿಂದಿನ ಜನ್ಮ ನೆನಪಾಗುತ್ತದೆ. ತಾನು ಯಾರೆಂಬುದು ಗೊತ್ತು, ಅವಳು ಯಾರೆಂಬುದು ಗೊತ್ತು, ತನ್ನನ್ನು ಕೊಂದವರು ಯಾರೆಂಬುದೂ ಗೊತ್ತು. ಹೇಳಲು ಅಕ್ಷರವಿಲ್ಲ. ಅದು ಎರಗಿ ಕುಕ್ಕುತ್ತದೆ. ನೋಡುವವರಿಗೆ ಅದೊಂದು ಹುಚ್ಚು ಹಿಡಿದ ನವಿಲು. ಪೂಜ್ಯಪಾದರ ‘ಅನಕ್ಷರ ಭಾಷೆ’ ಎಂಬ ಪರಿಭಾಷೆಯ ಒಳಗಿರುವ ನೋವನ್ನು ತಿಳಿಯಬೇಕಾದರೆ ಜನ್ನನ ಈ ನವಿಲನ್ನು ನೋಡಬೇಕು. ಭಾಷೆ ಪೂರ್ತಿಯಾಗಿದೆ, ಕೇಳುವವರಲ್ಲಿ ಅದಕ್ಕೆ ಕಿವಿಯಿಲ್ಲ.

ಕಡೆಯ ಪ್ರಾಣಿಜನ್ಮದಲ್ಲಿ ಇಬ್ಬರೂ ಕೋಳಿಗಳು. ಹಿಟ್ಟಿನ ಕೋಳಿಯನ್ನು ಕತ್ತರಿಸಿದವರೇ ರಕ್ತಮಾಂಸದ ಕೋಳಿಗಳಾಗಿದ್ದಾರೆ. ಅರಸನ ತಳಾರನಿಗೆ ಮುನಿಯೊಬ್ಬರು ಧರ್ಮವನ್ನು ತಿಳಿಸುತ್ತಿರುವಾಗ ಪಂಜರದಲ್ಲಿದ್ದ ಈ ಜೋಡಿ ಅದನ್ನು ಕೇಳಿಸಿಕೊಳ್ಳುತ್ತದೆ. ಜಾತಿಸ್ಮರಣೆಯಾಗುತ್ತದೆ, ಸಂತೋಷ ತಡೆಯಲಾರದೆ ಎರಡೂ ಕೂಗುತ್ತವೆ. ಅದೇ ತೋಟದಲ್ಲಿ ರಾಣಿಯೊಡನೆ ವಿಹರಿಸುತ್ತಿದ್ದ ಅರಸ ಯಶೋಮತಿ, ಯಶೋಧರನ ಮಗನೇ ಅವನು, ತನ್ನ ಶಬ್ದವೇಧಿ ವಿದ್ಯೆಯನ್ನು ತೋರಿಸಲು ಆ ಕೂಗು ಬಂದ ದಿಕ್ಕಿಗೆ ಬಾಣ ಬಿಡುತ್ತಾನೆ. ಕಾಣದೆಯೇ ಕೊಲ್ಲುವ ಆ ವಿದ್ಯೆಗೆ ಕಿವಿ ಸೂಕ್ಷ್ಮವಾಗಿರಬೇಕು. ಅವನ ಕಿವಿ ಅತಿ ಸೂಕ್ಷ್ಮವಾಗಿತ್ತು. ದನಿ ಎಲ್ಲಿಂದ ಬಂತೆಂಬುದನ್ನು ಕೂದಲೆಳೆಯಷ್ಟೂ ತಪ್ಪದೆ ತಿಳಿದನು. ಯಾರಿಂದ ಬಂತೆಂಬುದನ್ನು ತಿಳಿಯಲಿಲ್ಲ. ಅವನ ತಂದೆಯೂ ಅಜ್ಜಿಯೂ ಸತ್ತರು, ಅವನ ರಾಣಿಯ ಬಸಿರಿನಲ್ಲಿಯೇ ಅವಳಿ ಮಕ್ಕಳಾಗಿ ಮತ್ತೆ ಬಂದರು. ಆ ಮಕ್ಕಳೇ ಮುಂದೆ ಮಾರಿದತ್ತನ ಕತ್ತಿಯ ಮುಂದೆ ನಿಂತು ಈ ಕತೆಯನ್ನು ಹೇಳುವ ಅಭಯರುಚಿ, ಅಭಯಮತಿಯರು. ಏಳು ಜನ್ಮದ ಮಾತು ಅಕ್ಷರ ಪಡೆದದ್ದು ಆಗ. ಕೇಳಿದ ಮಾರಿದತ್ತ ಕತ್ತಿಯನ್ನು ಕೆಳಗಿಳಿಸಿದ.

ಕಾವ್ಯದ ಎರಡು ತುದಿಗಳಲ್ಲಿ ಹೀಗೆ ಎರಡು ಕೂಗುಗಳಿವೆ. ಮೊದಲನೆಯದು ಕಲ್ಪಿತ ಕೋಳಿಯದು, ಕತ್ತಿ ಬಿದ್ದ ಮೇಲೆ ಹೊರಟದ್ದು. ಅದನ್ನು ಕೇಳಿದವನು ಬೆಚ್ಚಿದನು. ಎರಡನೆಯದು ನಿಜವಾದ ಕೋಳಿಗಳದು, ಧರ್ಮಕ್ಕೆ ಓಗೊಟ್ಟು ಹೊರಟದ್ದು. ಅದನ್ನು ಕೇಳಿದವನು ಗುರಿಯಿಟ್ಟನು. ಹಿಟ್ಟಿನ ಕೋಳಿಯ ದನಿಗೆ ಎದೆ ನಡುಗಿದ ಮನೆತನದಲ್ಲಿಯೇ ಮುಂದಿನ ತಲೆಮಾರು ಜೀವಂತ ಕೋಳಿಯ ದನಿಯನ್ನು ಆಟದ ಗುರಿಯಾಗಿ ಕೇಳಿಸಿಕೊಂಡಿತು. ಇದು ಜನ್ನನ ಕಾವ್ಯದ ಅತ್ಯಂತ ಕಠಿಣವಾದ ಮಾತು. ಅವನು ಅದನ್ನು ಎಲ್ಲಿಯೂ ಬಿಡಿಸಿ ಹೇಳುವುದಿಲ್ಲ.

ಕೂಗನ್ನು ಸರಿಯಾಗಿ ಕೇಳಿಸಿಕೊಂಡವನ ಚಿತ್ರವೂ ಈ ಪರಂಪರೆಯಲ್ಲಿದೆ, ಅದೂ ಹಳೆಯ ಧಾರವಾಡ ಸೀಮೆಯ ಒಂದು ಊರಿನ ಹೆಸರಿನೊಡನೆ. ಗುಣಭದ್ರರ ‘ಉತ್ತರಪುರಾಣ’ಕ್ಕೆ ಶಕ 820ರಲ್ಲಿ, ಅಂದರೆ ಕ್ರಿ.ಶ. 898ರಲ್ಲಿ, ಅವರ ಶಿಷ್ಯ ಲೋಕಸೇನನ ಕಾಲದಲ್ಲಿ ಪೂಜೆ ಸಂದದ್ದು ಬಂಕಾಪುರದಲ್ಲಿ. ಆಗ ಅಲ್ಲಿ ಆಳುತ್ತಿದ್ದವನು ಬಂಕೆಯನ ಮಗ ಲೋಕಾದಿತ್ಯ. ಆ ಪುರಾಣದಲ್ಲಿ ನೇಮಿಕುಮಾರನ ಕತೆ ಬರುತ್ತದೆ. ಮದುವೆಯ ಸಿದ್ಧತೆಯ ನಡುವೆ ಅವನು ಬೇಲಿಯೊಳಗೆ ಕೂಡಿದ ಜಿಂಕೆಗಳ ಆರ್ತಸ್ವರವನ್ನು ಕೇಳುತ್ತಾನೆ. ಇವು ಏಕೆ ಇಲ್ಲಿವೆ ಎಂದು ವಿಚಾರಿಸುತ್ತಾನೆ. ಮದುವೆಯ ಊಟಕ್ಕೆ ಎಂಬ ಉತ್ತರ ಬರುತ್ತದೆ. ಅಲ್ಲಿಂದ ಹಿಂದಿರುಗಿದವನು ಮದುವೆಯ ಚಪ್ಪರಕ್ಕೆ ಹೋಗಲಿಲ್ಲ, ಊರ್ಜಯಂತ ಗಿರಿಯ ದಾರಿ ಹಿಡಿದನು. ಅವನು ಮಾಡಿದ್ದು ಇಷ್ಟೆ: ಒಂದು ದನಿ ಕೇಳಿತು, ನಿಂತು ‘ಇದು ಏಕೆ’ ಎಂದು ಕೇಳಿದನು. ಯಶೋಮತಿ ‘ಇದು ಎಲ್ಲಿಂದ’ ಎಂದು ಮಾತ್ರ ಕೇಳಿಕೊಂಡಿದ್ದನು. ಕರ್ಣಪಾರ್ಯನೂ ನೇಮಿಚಂದ್ರನೂ ಕನ್ನಡದಲ್ಲಿ ನೇಮಿನಾಥನ ಪುರಾಣವನ್ನು ಹಾಡಿದ್ದಾರೆ. ಆ ಜಿಂಕೆಗಳ ದನಿ ಕನ್ನಡದ ಕಿವಿಗೆ ಹೊಸದಲ್ಲ.

1997ರಲ್ಲಿ ಧಾರವಾಡದಿಂದ ಬೇರೆಯಾದ ಹಾವೇರಿ ಜಿಲ್ಲೆಗೆ ಸೇರಿರುವ ಬಂಕಾಪುರದ ಕೋಟೆ ಇಂದು ನವಿಲುಧಾಮ. ಹುಬ್ಬಳ್ಳಿಯಿಂದ ತೆಂಕಣಕ್ಕೆ ಹೆದ್ದಾರಿ ಹಿಡಿದು ಹೋದವರು ಅಲ್ಲಿ ಕಂದಕದ ಮುಳ್ಳುಪೊದೆಗಳ ನಡುವಿನಿಂದ ನವಿಲುಗಳ ಕೇಗನ್ನು ಕೇಳಬಹುದು. ಜಿಂಕೆಗಳ ಆರ್ತಸ್ವರವನ್ನು ಬರೆದಿಟ್ಟ ಗ್ರಂಥಕ್ಕೆ ಹಬ್ಬ ಮಾಡಿದ ಊರಿನಲ್ಲಿ ಹನ್ನೊಂದು ಶತಮಾನಗಳ ಬಳಿಕ ಪ್ರಾಣಿಗಳ ದನಿಗೇ ಒಂದು ಕೋಟೆ ಮೀಸಲಾದುದು ಯೋಗಾಯೋಗ. ಸಾಹಿತ್ಯದ ವಿದ್ಯಾರ್ಥಿಗೆ ಅಲ್ಲಿ ಶಿಕ್ಷಾಗ್ರಂಥದ ಮೂರು ಮಾತ್ರೆಯನ್ನು ಎಣಿಸಿ ನೋಡುವ ಅವಕಾಶವೂ ಉಂಟು.

ಪ್ರಾಣಿಯಾಗಿ ಹುಟ್ಟುವುದನ್ನು ಜೈನ ಕಾವ್ಯ ಯಾವಾಗಲೂ ಶಿಕ್ಷೆಯೆಂದೇ ಕಂಡಿತೆ ಎಂದು ಕೇಳಿದರೆ ಪಂಪನ ಕಡೆ ನೋಡಬೇಕು. ಅವನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಅಣ್ಣಿಗೇರಿ ಧಾರವಾಡ ಜಿಲ್ಲೆಯ ಊರು. ತಿರ್ಯಂಚಗತಿಯ ದುಃಖವನ್ನು ಚೆನ್ನಾಗಿ ಬಲ್ಲ, ‘ಆದಿಪುರಾಣ’ವನ್ನೇ ಬರೆದ ಈ ಕವಿ ‘ವಿಕ್ರಮಾರ್ಜುನ ವಿಜಯ’ದಲ್ಲಿ ಬನವಾಸಿಯನ್ನು ನೆನೆಯುವಾಗ, ಅಲ್ಲಿ ಮನುಷ್ಯನಾಗಿ ಹುಟ್ಟುವ ಭಾಗ್ಯವಿಲ್ಲದಿದ್ದರೆ ಮರಿದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟಬೇಕೆಂಬ ಹಂಬಲವನ್ನು ತೋಡಿಕೊಂಡಿದ್ದಾನೆ. ಅವನು ಆರಿಸಿಕೊಂಡ ಎರಡೂ ದನಿಯ ಜೀವಿಗಳೆಂಬುದನ್ನು ಮರೆಯಬಾರದು. ಝೇಂಕರಿಸುವುದೊಂದು, ಉಲಿಯುವುದೊಂದು. ಕವಿಗೆ ಅಕ್ಷರ ಹೋದರೂ ದನಿ ಉಳಿಯಬೇಕು. ದನಿ ಉಳಿದರೆ ಭಾಷೆ ಉಳಿಯಿತೆಂಬ ಧೈರ್ಯ ಅದರಲ್ಲಿದೆ. ಪೂಜ್ಯಪಾದರು ಎಳೆದ ಗೆರೆಯ ಮೇಲೆಯೇ ಈ ಹಂಬಲ ನಿಂತಿದೆ.

ಹಿಟ್ಟಿನ ಕೋಳಿಯ ಪ್ರಶ್ನೆ ಹಳೆಗನ್ನಡದ ತರಗತಿಯಲ್ಲಿ ಮುಗಿದುಹೋಗಲಿಲ್ಲ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡರು ಈ ವಸ್ತುವನ್ನೆತ್ತಿಕೊಂಡು ‘ಹಿಟ್ಟಿನ ಹುಂಜ’ ನಾಟಕವನ್ನು ಬರೆದರು; ಅದು 1980ರಲ್ಲಿ ಪ್ರಕಟವಾಯಿತು. ಪ್ರಾಣಿಬಲಿಯನ್ನು ತಡೆಯುವ ಶಾಸನ ಕರ್ನಾಟಕದಲ್ಲಿ 1959ರಿಂದ ಇದೆ. ಬಲಿಯ ಬದಲಿಗೆ ಕುಂಬಳಕಾಯಿಯನ್ನು ಕುಂಕುಮ ತುಂಬಿ ಒಡೆಯುವುದು ಇಂದು ಎಲ್ಲೆಡೆ ಕಾಣುವ ನೋಟ. ಜೀವ ಉಳಿದುದು ದೊಡ್ಡದು. ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆಂಪು ಬಣ್ಣವೇಕೆ ಬೇಕಾಯಿತು ಎಂದು ಜನ್ನ ಇದ್ದಿದ್ದರೆ ಕೇಳುತ್ತಿದ್ದನೇನೋ. ಕುಂಬಳಕಾಯಿಯ ಚೆಲುವಿಗೆ ಮರುಳಾಗುವ ಬೆಂತರ ಸಿಗದಿದ್ದರೆ ಆ ಪ್ರಶ್ನೆ ಯಾರ ಕಿವಿಗೂ ಬೀಳುವುದಿಲ್ಲ.

ಇದೇ ಸೀಮೆಯಲ್ಲಿ ಇನ್ನೊಂದು ಬಗೆಯ ಕೃತಕ ಪ್ರಾಣಿಯೂ ಇದೆ. ಜ್ಯೇಷ್ಠ ಮಾಸದ ಕೊನೆಗೆ, ಮುಂಗಾರಿನ ಕೆಲಸ ನಡೆದಿರುವಾಗ, ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಕೆರೆಯ ಎರೆಮಣ್ಣು ತಂದು ಜೋಡೆತ್ತುಗಳನ್ನು ಮಾಡುತ್ತಾರೆ. ಕೊಂಬಿಗೆ, ಕೊರಳಿಗೆ ಅಲಂಕಾರ ಮಾಡಿ ಪೂಜಿಸುತ್ತಾರೆ, ಎಡೆ ಹಿಡಿಯುತ್ತಾರೆ, ಆ ಮೇಲೆ ನೀರಿಗೆ ಬಿಡುತ್ತಾರೆ. ಹಿಟ್ಟಿನ ಕೋಳಿಯೂ ಕೈಯಿಂದ ಮಾಡಿದ್ದೇ, ಮಣ್ಣಿನೆತ್ತೂ ಕೈಯಿಂದ ಮಾಡಿದ್ದೇ, ಎರಡೂ ಅಜೀವ. ಒಂದನ್ನು ಮಾಡಿದುದು ಕೊಲ್ಲಲೆಂದು, ಇನ್ನೊಂದನ್ನು ಮಾಡಿದುದು ದುಡಿಯುವ ಎತ್ತಿನ ಋಣವನ್ನು ನೆನೆಯಲೆಂದು. ಎರಡನ್ನೂ ಬೇರೆ ಮಾಡುವುದು ಮಾಡಿದವರ ಭಾವ. ಅಂಗಳದಲ್ಲಿ ಮಣ್ಣೆತ್ತುಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಆಡುವ ಮಕ್ಕಳು ಅವುಗಳ ಪರವಾಗಿ ತಾವೇ ಗುಟುರು ಹಾಕುತ್ತಾರೆ, ತಾವೇ ಕೊರಳಗಂಟೆಯ ಸದ್ದು ಮಾಡುತ್ತಾರೆ. ಒಳಗೆ ಕೊಟ್ಟಿಗೆಯಲ್ಲಿ ನಿಜವಾದ ಎತ್ತು ಒದರಿದರೆ ಆಟ ಬಿಟ್ಟು ಎದ್ದು ನೀರು ಕುಡಿಸಲು ಹೋಗುವವರೂ ಅವರೇ.